ಜೈನ ಮನೆಗಳ ಊಟ ಮತ್ತು ದೇಹದ ತೂಕ: ದಿನನಿತ್ಯದ ಅಭ್ಯಾಸಗಳಲ್ಲಿ ಮಾಡಬಹುದಾದ ಬದಲಾವಣೆ

ಮಾಂಸವಿಲ್ಲ, ಮೊಟ್ಟೆಯಿಲ್ಲ, ಮದ್ಯವಿಲ್ಲ, ಗಡ್ಡೆ-ಗೆಣಸು ಇಲ್ಲ, ಹಲವು ಮನೆಗಳಲ್ಲಿ ರಾತ್ರಿ ಊಟವೂ ಇಲ್ಲ. ಆದರೂ ತೂಕ ಏಕೆ ಏರುತ್ತದೆ ಎಂಬ ಪ್ರಶ್ನೆ ಜೈನ ಕುಟುಂಬಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಯಾವುದನ್ನು ತಿನ್ನಬಾರದು, ಯಾವಾಗ ತಿನ್ನಬಾರದು ಎಂಬುದನ್ನು ಈ ನಿಯಮಗಳು ಹೇಳುತ್ತವೆ. ದೇಹದ ತೂಕ ನಿಂತಿರುವುದು ಎಷ್ಟು ತಿಂದದ್ದು, ಎಷ್ಟು ಓಡಾಡಿದ್ದು ಎಂಬುದರ ಮೇಲೆ. ತುಪ್ಪ, ಬೆಲ್ಲ, ತೆಂಗಿನಕಾಯಿ, ಶೇಂಗಾ, ಅಕ್ಕಿ, ಗೋಧಿ, ಸಕ್ಕರೆ, ಎಣ್ಣೆ ಎಲ್ಲವೂ ಶುದ್ಧ ಪದಾರ್ಥಗಳೇ. ಅಳತೆ ಮೀರಿದರೆ ಎಲ್ಲವೂ ಸೊಂಟದ ಸುತ್ತ ಬಂದು ಸೇರುತ್ತವೆ.

ಪ್ರಮಾಣದ ವಿಚಾರವೂ ಶಾಸ್ತ್ರದಲ್ಲಿ ಇಲ್ಲದೆ ಇಲ್ಲ. ಆರು ಬಾಹ್ಯ ತಪಸ್ಸುಗಳಲ್ಲಿ ಅನಶನದ ನಂತರ ಬರುವುದೇ ಅವಮೌದರ್ಯ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪೂರ್ಣ ಆಹಾರವೆಂದರೆ ಪುರುಷರಿಗೆ 32 ತುತ್ತು, ಸ್ತ್ರೀಯರಿಗೆ 28 ತುತ್ತು ಎಂದು ಲೆಕ್ಕ ಹೇಳಿ, ಅದಕ್ಕಿಂತ ಇಳಿಸುವುದನ್ನು ತಪಸ್ಸೆಂದು ಎಣಿಸಲಾಗಿದೆ. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳನ್ನು ಬಿಡುವ ಮಾತು ಬರುತ್ತದೆ. ಇವುಗಳ ಉದ್ದೇಶ ಕರ್ಮನಿರ್ಜರೆ. ಮೈಕಟ್ಟಿಗಾಗಿ ಹೇಳಿದ್ದಲ್ಲ, ಎರಡನ್ನೂ ಬೆರೆಸುವುದು ಸರಿಯೂ ಅಲ್ಲ. ಆದರೆ ಉಪವಾಸಕ್ಕೆ ಸಮಾಜದಲ್ಲಿ ಸಿಗುವ ಗೌರವ ಅವಮೌದರ್ಯಕ್ಕೆ ಸಿಕ್ಕಿಲ್ಲ. ಹತ್ತು ದಿನ ಉಪವಾಸ ಮಾಡಿದವರಿಗೆ ಸನ್ಮಾನವಿದೆ, ವರ್ಷವಿಡೀ ಒಂದು ಸೌಟು ಅನ್ನ ಕಡಿಮೆ ಉಂಡವರನ್ನು ಯಾರೂ ಗಮನಿಸುವುದಿಲ್ಲ. ತೂಕದ ವಿಷಯದಲ್ಲಿ ಕೆಲಸ ಮಾಡುವುದು ಎರಡನೆಯದೇ.

ತೂಕದ ಜೊತೆಗೆ ಸೊಂಟದ ಅಳತೆ

ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. 160 ಸೆಂ.ಮೀ. ಎತ್ತರ, 70 ಕೆ.ಜಿ. ತೂಕ ಇರುವವರಿಗೆ ಇದು 27.3 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಭಾರತೀಯರಿಗೆ ಈ ಗೆರೆಯನ್ನು ತಜ್ಞರು ಕೆಳಗಿಳಿಸಿದ್ದಾರೆ: 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ದಾಟಬಾರದು.

ಗೆರೆ ಕೆಳಗಿಳಿದದ್ದಕ್ಕೆ ಕಾರಣವಿದೆ. 2004ರಲ್ಲಿ ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹದ ಅಳತೆಗಳನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಇದು ಭಾರತೀಯ ಮೈಕಟ್ಟಿನ ಲಕ್ಷಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದಲ್ಲಿ ಬಿಎಂಐ ಪ್ರಕಾರ ಬೊಜ್ಜು ಇದ್ದವರು ಶೇ. 28.6, ಹೊಟ್ಟೆಯ ಬೊಜ್ಜು ಇದ್ದವರು ಶೇ. 39.5. ಮಧುಮೇಹಿಗಳ ಸಂಖ್ಯೆಯನ್ನು ಅದು 10.1 ಕೋಟಿ ಎಂದು ಅಂದಾಜಿಸಿತು. ಹೀಗಾಗಿ "ನಾನೇನು ದಪ್ಪ ಇಲ್ಲ" ಎನ್ನುವವರೂ ಒಮ್ಮೆ ಟೇಪು ಹಿಡಿದು ನೋಡುವುದು ಒಳ್ಳೆಯದು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಬೇಕು.

ಎಷ್ಟು ಇಳಿಸಬೇಕು? ಇಪ್ಪತ್ತು ಕೆ.ಜಿ. ಇಳಿಸುವ ಜಾಹೀರಾತುಗಳನ್ನು ನೋಡಿ ಕೈಚೆಲ್ಲಿ ಕುಳಿತವರು ಬಹಳ. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದ ಗುರಿ ಎರಡೇ: ತೂಕದ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಅಷ್ಟರಿಂದಲೇ ಮಧುಮೇಹ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು; ಮಾತ್ರೆ ಕೊಟ್ಟ ಗುಂಪಿನಲ್ಲಿ ಇಳಿದದ್ದು ಶೇ. 31. 70 ಕೆ.ಜಿ. ಇರುವವರಿಗೆ ಶೇ. 7 ಎಂದರೆ 5 ಕೆ.ಜಿ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ, ಆದರೂ ಊಟ ಮತ್ತು ಓಡಾಟ ಬದಲಿಸಿದವರಲ್ಲಿ ಮಧುಮೇಹದ ಅಪಾಯ ಶೇ. 28.5 ಕಡಿಮೆಯಾಯಿತು. ಅಂದರೆ ತಕ್ಕಡಿಯ ಮುಳ್ಳು ಅಲುಗದಿದ್ದರೂ ಅಭ್ಯಾಸ ಬದಲಾದದ್ದು ವ್ಯರ್ಥವಲ್ಲ.

ಎಣ್ಣೆ, ಸಕ್ಕರೆ, ಅನ್ನ: ಮನೆಯ ಲೆಕ್ಕ

ಒಂದು ಗ್ರಾಂ ಹಿಟ್ಟಿನಂಶ ಅಥವಾ ಪ್ರೋಟೀನಿನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆ-ತುಪ್ಪದಲ್ಲಿ 9 ಕ್ಯಾಲೊರಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಗಾಣದ ಎಣ್ಣೆ, ಮನೆಯ ತುಪ್ಪ, ಯಾವುದಾದರೂ ಈ ಲೆಕ್ಕ ಒಂದೇ. ಗಾಣದ ಎಣ್ಣೆಗೆ ಬದಲಾಯಿಸಿದ ಮನೆಯಲ್ಲಿ ಅದು ಒಳ್ಳೆಯದೆಂಬ ಧೈರ್ಯದಿಂದ ಎರಡು ಚಮಚ ಹೆಚ್ಚೇ ಬೀಳುವುದೂ ಉಂಟು.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆಗೆ ರುಚಿ ಬರುವುದು ಬೇರೆ ಕಡೆಯಿಂದ. ದಕ್ಷಿಣ ಕನ್ನಡದಲ್ಲಿ ಅರೆದ ತೆಂಗಿನಕಾಯಿ, ಬೆಳಗಾವಿ-ಹುಬ್ಬಳ್ಳಿ ಕಡೆ ಶೇಂಗಾ ಪುಡಿ ಮತ್ತು ಮೇಲಿಂದ ಸುರಿವ ಎಣ್ಣೆ, ಎಲ್ಲ ಕಡೆಯೂ ಧಾರಾಳ ಒಗ್ಗರಣೆ, ತುಪ್ಪ. ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ ಇದೆ, ಹಸಿ ತೆಂಗಿನಕಾಯಿಯಲ್ಲಿ 350ಕ್ಕೂ ಹೆಚ್ಚು. ಇವೆರಡೂ ಕೆಟ್ಟ ಆಹಾರವಲ್ಲ. ಚಟ್ನಿ ಎಂದರೆ ನಂಚಿಕೊಳ್ಳುವುದು ಎಂದು ತಿಳಿದು ಬಟ್ಟಲು ತುಂಬ ಬಡಿಸಿಕೊಂಡಾಗ ಲೆಕ್ಕ ತಪ್ಪುತ್ತದೆ, ಅಷ್ಟೆ.

ಎಣ್ಣೆಯ ಬಳಕೆ ತಿಳಿಯಲು ಚಮಚ ಎಣಿಸಬೇಕಾಗಿಲ್ಲ. ಹೊಸ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟರೆ ಸಾಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ. ಕಣ್ಣಿಗೆ ಕಾಣುವ ಎಣ್ಣೆ-ತುಪ್ಪ ಎಲ್ಲ ಸೇರಿ ದಿನಕ್ಕೆ 20ರಿಂದ 30 ಗ್ರಾಂ ಸಾಕು. ತಿಂಗಳಿಗೆ 5 ಲೀಟರನ್ನು ಮೂರೂವರೆಗೆ ಇಳಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ 100 ಕ್ಯಾಲೊರಿ ತಾನಾಗಿಯೇ ಕಡಿಮೆಯಾಗುತ್ತದೆ. ಊಟದ ತಟ್ಟೆಯಲ್ಲಿ ಯಾವ ಪದಾರ್ಥವೂ ತಪ್ಪುವುದಿಲ್ಲ. ಎಣ್ಣೆ ಡಬ್ಬಿಯಿಂದ ನೇರ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕುವುದು, ದಪ್ಪ ತಳದ ಬಾಣಲೆ ಬಳಸುವುದು, ಪಲ್ಯವನ್ನು ಮುಚ್ಚಿ ಹಬೆಯಲ್ಲಿ ಬೇಯಿಸಿ ಕೊನೆಗೆ ಒಗ್ಗರಣೆ ಕೊಡುವುದು, ಕರಿದ ತಿಂಡಿಯನ್ನು ವಾರಕ್ಕೊಂದು ದಿನಕ್ಕೆ ನಿಲ್ಲಿಸುವುದು. ಇಷ್ಟರಲ್ಲೇ ಆ ಒಂದೂವರೆ ಲೀಟರ್ ಉಳಿಯುತ್ತದೆ. ಆಲೂಗಡ್ಡೆ ಬಿಟ್ಟ ಮನೆಗಳಲ್ಲಿ ಬಾಳೆಕಾಯಿ ಚಿಪ್ಸ್ ಆ ಜಾಗಕ್ಕೆ ಬಂದು ಕುಳಿತಿರುತ್ತದೆ. ಎಣ್ಣೆಯ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ.

ದಿನಕ್ಕೆ ನಾಲ್ಕು ಲೋಟ ಕಾಫಿ ಅಥವಾ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, 160 ಕ್ಯಾಲೊರಿ. ಒಂದೊಂದು ಚಮಚಕ್ಕೆ ಇಳಿಸಿದರೆ 80 ಉಳಿಯಿತು. ಸಕ್ಕರೆ ಬದಲು ಬೆಲ್ಲ ಹಾಕಿದರೆ ತೂಕಕ್ಕೆ ಹೆಚ್ಚಿನ ಲಾಭವಿಲ್ಲ, ಎರಡರ ಕ್ಯಾಲೊರಿ ಹತ್ತಿರ ಹತ್ತಿರವೇ. ನಾಲಿಗೆ ಕಡಿಮೆ ಸಿಹಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಒಮ್ಮೆಲೇ ಪೂರ್ತಿ ಬಿಟ್ಟವರಿಗಿಂತ ಕಾಲು ಚಮಚದಂತೆ ಇಳಿಸಿದವರು ಹೆಚ್ಚು ದಿನ ಉಳಿಸಿಕೊಳ್ಳುತ್ತಾರೆ.

ಬೆಂದ ಅನ್ನ ನೂರು ಗ್ರಾಂಗೆ ಸುಮಾರು 130 ಕ್ಯಾಲೊರಿ. ದಿನಕ್ಕೆ ಅಷ್ಟು ಅನ್ನ ಕಡಿಮೆ ಮಾಡಿ, ಎಣ್ಣೆಯ 100 ಮತ್ತು ಸಕ್ಕರೆಯ 80 ಸೇರಿಸಿದರೆ ಒಟ್ಟು 310. ಒಂದು ಕೆ.ಜಿ. ಕೊಬ್ಬಿನಲ್ಲಿ ಅಂದಾಜು 7,700 ಕ್ಯಾಲೊರಿ ಇರುತ್ತದೆ. ಕಾಗದದ ಲೆಕ್ಕದಲ್ಲಿ ತಿಂಗಳಿಗೆ 1.2 ಕೆ.ಜಿ. ಇಳಿಯಬೇಕು. ವಾಸ್ತವದಲ್ಲಿ ದೇಹ ಹೊಂದಿಕೊಳ್ಳುವುದರಿಂದ, ಹಬ್ಬ-ಮದುವೆ ನಡುವೆ ಬರುವುದರಿಂದ ಅದಕ್ಕಿಂತ ಕಡಿಮೆಯೇ. ಆರು ತಿಂಗಳಲ್ಲಿ 4-5 ಕೆ.ಜಿ. ಇಳಿದರೂ ಮೇಲೆ ಹೇಳಿದ ಶೇ. 7ರ ಹತ್ತಿರ ತಲುಪಿದಂತಾಯಿತು.

ತಂಗಳು ಉಳಿಸಬಾರದು ಎಂಬ ಮನೆಯಲ್ಲಿ

ತೂಕದ ಬಗ್ಗೆ ಬರುವ ಸಾಮಾನ್ಯ ಸಲಹೆಗಳಲ್ಲಿ "ತಟ್ಟೆಯಲ್ಲಿ ಸ್ವಲ್ಪ ಬಿಟ್ಟು ಏಳಿ" ಎಂಬುದೊಂದು. ಜೈನ ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ಎಂಜಲು ಬಿಡಬಾರದು, ಬಿಟ್ಟ ಅನ್ನದಲ್ಲಿ ಜೀವೋತ್ಪತ್ತಿ ಎಂದು ಚಿಕ್ಕಂದಿನಿಂದ ಕಲಿಸಿರುತ್ತಾರೆ. ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರಿದ್ದಾರೆ. ಹಾಗಾಗಿ ಹಿಡಿತ ಇರಬೇಕಾದ್ದು ಬಡಿಸುವಾಗ. ಮೊದಲು ಅರ್ಧ ಬಡಿಸಿಕೊಂಡು, ಬೇಕಾದರೆ ಮತ್ತೆ ಹಾಕಿಸಿಕೊಳ್ಳುವುದು ಒಳ್ಳೆಯ ಕ್ರಮ. ಪಲ್ಯ ಮತ್ತು ಬೇಳೆಯನ್ನು ಮೊದಲು, ಅನ್ನವನ್ನು ಆಮೇಲೆ ಬಡಿಸಿದರೆ ಅನ್ನ ತಾನಾಗಿ ಕಡಿಮೆಯಾಗುತ್ತದೆ. ನಮ್ಮ ಕಡೆಯ ರೂಢಿ ಇದಕ್ಕೆ ತಿರುಗಾಮುರುಗಾ: ಅನ್ನದ ಗುಡ್ಡೆ ಮೊದಲು, ಪಲ್ಯ ಮೂಲೆಯಲ್ಲಿ ಒಂದು ಚಮಚ.

ಇದಕ್ಕಿಂತ ಗಂಭೀರವಾದ ವಿಷಯ ಉಳಿದ ಅಡುಗೆಯದು. ಸೂರ್ಯಾಸ್ತದ ನಂತರ ಉಣ್ಣದ, ಮರುದಿನಕ್ಕೆ ತಂಗಳು ಇಡದ ಮನೆಯಲ್ಲಿ ಸಂಜೆ ಪಾತ್ರೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಕೊನೆಯಲ್ಲಿ ಊಟಕ್ಕೆ ಕೂರುವ ಮನೆಯಾಕೆಯ ಹೊಟ್ಟೆಗೆ. ಒಂದು ಸೌಟು ಅನ್ನ, ಅರ್ಧ ಚಪಾತಿ, ಮಗು ಬಿಟ್ಟ ಎರಡು ತುತ್ತು, ತಳದಲ್ಲಿ ಉಳಿದ ಪಾಯಸ. ಹಾಳು ಮಾಡಬಾರದೆಂಬ ಒಳ್ಳೆಯ ಭಾವನೆಯಿಂದ ಆಕೆ ದಿನಾ ಇನ್ನೂರು ಮುನ್ನೂರು ಕ್ಯಾಲೊರಿ ಹೆಚ್ಚು ತಿಂದಿರಬಹುದು, ಅದನ್ನು ಊಟವೆಂದು ಎಣಿಸಿಯೂ ಇರುವುದಿಲ್ಲ. "ನಾನು ತಿನ್ನುವುದೇ ಕಡಿಮೆ, ಆದರೂ ದಪ್ಪ ಆಗ್ತೀನಿ" ಎನ್ನುವ ಅನೇಕ ತಾಯಂದಿರ ಮಾತಿನ ಹಿಂದೆ ಇದು ಇರುತ್ತದೆ. ಅವರನ್ನು ನಾಲಿಗೆ ಚಪಲದವರೆಂದು ಹಾಸ್ಯ ಮಾಡುವ ಮನೆಯವರೇ ಎರಡು ಚಪಾತಿ ಬೇಡವೆಂದು ಕೊನೆ ಗಳಿಗೆಯಲ್ಲಿ ಹೇಳುವವರು.

ಪರಿಹಾರ ಅಡುಗೆಯ ಅಳತೆಯಲ್ಲಿದೆ. ಸಂಜೆ ಊಟಕ್ಕೆ ಯಾರು ಯಾರು ಇದ್ದಾರೆ ಎಂದು ಮಧ್ಯಾಹ್ನವೇ ಕೇಳಿಕೊಳ್ಳುವುದು, ಅಕ್ಕಿಯನ್ನು ಕೈ ಅಂದಾಜಿನ ಬದಲು ಪಾವಿನಲ್ಲಿ ಅಳೆಯುವುದು, ಚಪಾತಿ ಎಣಿಸಿ ಮಾಡುವುದು. ಸ್ವಲ್ಪ ಕಡಿಮೆ ಬಿದ್ದರೆ ಹಣ್ಣು, ಹಾಲು ಇದ್ದೇ ಇದೆ. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಉಳಿದದ್ದು ಹಂಚಿಹೋಗುತ್ತದೆ. ಒಬ್ಬರ ಪಾಲಿಗೇ ಬೀಳುವುದಿಲ್ಲ.

ಬಸದಿಯ ಪೂಜೆ, ಆರಾಧನೆ, ಮದುವೆಗಳ ಊಟದಲ್ಲಿ ಉಪಚಾರದ ಒತ್ತಾಯ ಬೇರೆ. "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ, ಒಂದೇ ದಿನ ಅಲ್ವಾ" ಎನ್ನುವವರು ತಪ್ಪು ಮಾಡುತ್ತಿಲ್ಲ, ಅದು ಆತಿಥ್ಯ. ಆದರೆ ಶ್ರಾವಣದಿಂದ ದೀಪಾವಳಿಯವರೆಗೆ ಆ ಒಂದೇ ದಿನ ವಾರಕ್ಕೆ ಎರಡು ಸಲ ಬರುತ್ತದೆ. ಎಲೆಗೆ ಬಿದ್ದ ಮೇಲೆ ಬಿಡುವಂತಿಲ್ಲವಾದ್ದರಿಂದ ಬೀಳುವ ಮೊದಲೇ ಕೈ ಅಡ್ಡ ಹಿಡಿಯಬೇಕು. "ಇವತ್ತು ಸಿಹಿ ತ್ಯಾಗ" ಎಂದರೆ ನಮ್ಮವರು ಮರುಮಾತಾಡದೆ ಮುಂದೆ ಹೋಗುತ್ತಾರೆ. "ಡಯೆಟ್" ಎಂದರೆ ಎರಡು ಹಾಕುತ್ತಾರೆ.

ಸೂರ್ಯಾಸ್ತದ ಮುಂಚಿನ ಊಟ

ಬೇಗ ಉಂಡು ಮಲಗುವ ಹೊತ್ತಿಗೆ ಹೊಟ್ಟೆ ಹಗುರವಾಗಿರುವುದು ದೇಹಕ್ಕೆ ಹಿತ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ಪುರುಷರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ದಿನದ ಊಟವನ್ನೆಲ್ಲ ಆರು ಗಂಟೆಯ ಅವಧಿಯೊಳಗೆ, ಮಧ್ಯಾಹ್ನ 3ರೊಳಗೆ ಮುಗಿಸಿದವರಲ್ಲಿ ತೂಕ ಇಳಿಯದಿದ್ದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ರಕ್ತದೊತ್ತಡವೂ ತಗ್ಗಿತು. ಗಮನಿಸಬೇಕಾದ್ದು "ತೂಕ ಇಳಿಯದಿದ್ದರೂ" ಎಂಬುದನ್ನು. ಒಟ್ಟು ಪ್ರಮಾಣ ಅಷ್ಟೇ ಇದ್ದರೆ ಹೊತ್ತು ಬದಲಾಯಿಸಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ.

ರಾತ್ರಿಭೋಜನ ತ್ಯಾಗ ಪಾಲಿಸುವವರು ಎರಡು ಕಡೆ ಜಾರುತ್ತಾರೆ. ಮೊದಲನೆಯದು, ರಾತ್ರಿ ದೊಡ್ಡದು, ಹಸಿವಾದೀತು ಎಂದು ಸಂಜೆ ಗಡಿಬಿಡಿಯಲ್ಲಿ ಹೆಚ್ಚು ತುಂಬಿಕೊಳ್ಳುವುದು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ತಲುಪಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಸೂರ್ಯ ಮುಳುಗುವ ಮುಂಚಿನ ಐದು ನಿಮಿಷದಲ್ಲಿ ಉಂಡವರಿಗೆ ಆ ಸುದ್ದಿ ಬರುವುದು ಕೈ ತೊಳೆದ ಮೇಲೆ. ಎರಡನೆಯದು ಉದ್ಯೋಗಸ್ಥರ ಕಷ್ಟ. ಬೆಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಸೂರ್ಯಾಸ್ತ 6:50ರ ಸುಮಾರಿಗೆ, ನವೆಂಬರ್‌ನಲ್ಲಿ 6ಕ್ಕೂ ಮೊದಲೇ. ಕಚೇರಿಯಲ್ಲಿರುವವರು ಐದೂವರೆಗೆ ಕ್ಯಾಂಟೀನಿನ ಬನ್ನು, ಬಿಸ್ಕತ್ತು, ಚಿಪ್ಸ್ ಹೊಟ್ಟೆಗೆ ಹಾಕಿಕೊಂಡು ಅದನ್ನೇ ರಾತ್ರಿ ಊಟವೆಂದು ಕರೆಯುತ್ತಾರೆ. ನಿಯಮ ಉಳಿಯಿತು, ಆರೋಗ್ಯ ಉಳಿಯಲಿಲ್ಲ. ಮನೆಯಿಂದ ಎರಡನೇ ಡಬ್ಬಿ ಒಯ್ಯುವುದು ಇದಕ್ಕೆ ಇರುವ ಒಂದೇ ನಿಜವಾದ ದಾರಿ: ಎರಡು ಚಪಾತಿ ಅಥವಾ ಒಂದು ಜೋಳದ ರೊಟ್ಟಿ, ಗಟ್ಟಿಯಾದ ಕಾಳಿನ ಪಲ್ಯ, ಒಂದು ಹಣ್ಣು. ಐದು ಗಂಟೆಗೆ ಹತ್ತು ಹದಿನೈದು ನಿಮಿಷ ಸಿಕ್ಕರೆ ಸಾಕು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 2019ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಲು ಬಿಟ್ಟರು. ಪೊಟ್ಟಣದ ಆಹಾರದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ಸುಮಾರು ಒಂದು ಕೆ.ಜಿ. ಏರಿತು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯಾಗಲಿ, "ಜೈನ್" ಎಂಬ ಪದವಾಗಲಿ ಈ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ತಟ್ಟೆಯಲ್ಲಿ ಏನಿರಬೇಕು

ರಾಗಿ, ಜೋಳ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ಒಣ ತೂಕದಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲದರ ಕ್ಯಾಲೊರಿ ನೂರು ಗ್ರಾಂಗೆ 320-360ರ ಒಳಗೇ. ವ್ಯತ್ಯಾಸ ನಾರಿನಲ್ಲಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ರಾಗಿ, ಜೋಳ, ಇಡೀ ಗೋಧಿಯಲ್ಲಿ 10-11 ಗ್ರಾಂ. ನಾರು ಹೆಚ್ಚಿದ್ದರೆ ಹಸಿವು ತಡವಾಗುತ್ತದೆ, ಆದರೆ ಎರಡರ ಬದಲು ನಾಲ್ಕು ರೊಟ್ಟಿ ತಿಂದರೆ ಲಾಭವೆಲ್ಲ ಹೋಯಿತು. ರಾಗಿಯನ್ನು ಬೆಲ್ಲ-ಹಾಲು ಹಾಕಿ ಮಾಲ್ಟ್ ಮಾಡಿ ಊಟದ ಜೊತೆಗೆ ಇನ್ನೊಂದಾಗಿ ಕುಡಿದರೆ ತೂಕ ಏರಲು ಅದು ಒಳ್ಳೆಯ ದಾರಿ.

ಅನ್ನ ಇಳಿಸಿದ ಜಾಗಕ್ಕೆ ಏನು ಬರಬೇಕು ಎಂಬುದು ಮುಖ್ಯ. ತಟ್ಟೆಯ ಅರ್ಧದಷ್ಟು ತರಕಾರಿ ಇರಲಿ. ನೆಲದಡಿಯದನ್ನು ಬಿಟ್ಟವರಿಗೂ ಆಯ್ಕೆ ಕಡಿಮೆಯೇನಿಲ್ಲ: ಸೋರೆ, ಹೀರೆ, ಪಡವಲ, ಬೂದುಗುಂಬಳ, ಸೀಮೆಬದನೆ, ತೊಂಡೆ, ಬೆಂಡೆ, ಹಾಗಲ, ಹುರುಳಿಕಾಯಿ. ಸೋರೆ, ಬೂದುಗುಂಬಳದಂಥ ನೀರುಗಾಯಿಗಳಲ್ಲಿ ನೂರು ಗ್ರಾಂಗೆ ಇಪ್ಪತ್ತೈದು ಕ್ಯಾಲೊರಿಯೂ ಇರುವುದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೆ ಇವೇ ಆಸರೆ.

ಪ್ರೋಟೀನು ನಮ್ಮ ಊಟದ ದುರ್ಬಲ ಭಾಗ. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕೆ.ಜಿ. ಇರುವವರಿಗೆ 50 ಗ್ರಾಂ ಬೇಕು. 30 ಗ್ರಾಂ ಬೇಳೆಯಿಂದ ಬರುವುದು 6-7 ಗ್ರಾಂ. ನೀರಾದ ತಿಳಿಸಾರಿನಲ್ಲಿ ಅಷ್ಟೂ ಇಲ್ಲ. 300 ಮಿಲಿ ಹಾಲು ಅಥವಾ ಮೊಸರಿನಿಂದ 9-10 ಗ್ರಾಂ, 50 ಗ್ರಾಂ ಪನೀರಿನಿಂದ 9 ಗ್ರಾಂ, 25 ಗ್ರಾಂ ಸೋಯಾ ಚಂಕ್ಸ್‌ನಿಂದ 13 ಗ್ರಾಂ. ಅನ್ನ-ಚಪಾತಿಯಿಂದಲೂ ಸ್ವಲ್ಪ ಪ್ರೋಟೀನು ಬರುತ್ತಿತ್ತು. ಅದನ್ನು ಇಳಿಸಿ ಬೇಳೆ-ಕಾಳು ಹೆಚ್ಚಿಸದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ದ್ವಿದಳದ ನಿಯಮ ಪಾಲಿಸುವವರು ಕಾಳು ಮತ್ತು ಮೊಸರನ್ನು ಬೆರೆಸುವುದಿಲ್ಲವಾದ್ದರಿಂದ ಬೆಳಗ್ಗೆ ಹಾಲು-ಮೊಸರು, ಮಧ್ಯಾಹ್ನ ಮತ್ತು ಸಂಜೆ ಬೇಳೆ-ಕಾಳು ಎಂದು ಹೊತ್ತು ಹಂಚಿಕೊಂಡರೆ ಅನುಕೂಲ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ, ಮೆಟ್‌ಫಾರ್ಮಿನ್ ಮಾತ್ರೆ ಅದನ್ನು ಇನ್ನೂ ತಗ್ಗಿಸುತ್ತದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪೂರಕ ಮಾತ್ರೆ ಕೊಳ್ಳುವಾಗ ಕ್ಯಾಪ್ಸೂಲ್ ಬದಲು ಗಟ್ಟಿ ಮಾತ್ರೆ ಕೇಳಬೇಕು, ಏಕೆಂದರೆ ಬಹಳಷ್ಟು ಕ್ಯಾಪ್ಸೂಲ್‌ಗಳ ಕವಚ ಪ್ರಾಣಿಜನ್ಯ ಜೆಲಟಿನ್‌ನದು.

ನಡಿಗೆ, ಮೆಟ್ಟಿಲು, ಸ್ನಾಯು

60 ಕೆ.ಜಿ. ತೂಕದವರು 45 ನಿಮಿಷ ಚುರುಕಾಗಿ ನಡೆದರೆ ಖರ್ಚಾಗುವುದು 150 ಕ್ಯಾಲೊರಿ ಆಸುಪಾಸು. ವಾಪಸು ಬಂದು ಒಂದು ನಿಪ್ಪಟ್ಟು ತಿಂದರೆ ಬಹುಪಾಲು ತುಂಬಿಬಂತು. ಆದ್ದರಿಂದ ತೂಕ ಇಳಿಸುವುದರಲ್ಲಿ ಊಟದ ಪಾಲು ದೊಡ್ಡದು, ನಡಿಗೆಯದು ಚಿಕ್ಕದು. ಇಳಿದ ತೂಕವನ್ನು ಹಿಡಿದಿಡುವುದರಲ್ಲಿ, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿ ಮಾತ್ರ ನಡಿಗೆಗೆ ಸಾಟಿಯಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 10,000 ಹೆಜ್ಜೆ ಎಂಬ ಸಂಖ್ಯೆಗೆ ಹೆದರಬೇಕಿಲ್ಲ. ಅದು 1965ರ ಸುಮಾರಿಗೆ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಮಾರಾಟಕ್ಕೆ ಬಂದ ಹೆಸರು, ವೈದ್ಯರ ಲೆಕ್ಕವಲ್ಲ. ಈಗ 3,000 ಹೆಜ್ಜೆ ಇಡುತ್ತಿರುವವರು 5,000ಕ್ಕೆ ಏರಿದರೂ ಪ್ರಯೋಜನವಿದೆ. ಸಂಜೆ ಊಟ ಬೇಗ ಮುಗಿಯುವ ಮನೆಗೆ ಒಂದು ಅನುಕೂಲ ಉಂಟು: ಉಂಡು ಹತ್ತು ಹದಿನೈದು ನಿಮಿಷ ನಡೆಯಲು ಸಮಯವೂ ಇರುತ್ತದೆ, ಮಬ್ಬು ಬೆಳಕೂ ಇರುತ್ತದೆ. ಊಟದ ನಂತರದ ಈ ಸಣ್ಣ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಬಸದಿಗೆ ಸ್ಕೂಟರ್ ಬಿಟ್ಟು ನಡೆದುಹೋಗುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು ಎಂಬ ಸಲಹೆಯನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಜಿಮ್ಮಿಗೇ ಹೋಗಬೇಕೆಂದಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡದಂತೆ ಬಾಗಿ ಏಳುವುದು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಎರಡು ಕೈಯಲ್ಲಿ ನೀರಿನ ಕೊಡ ಹಿಡಿದು ನಡೆಯುವುದು. ಅರವತ್ತು ದಾಟಿದವರಿಗೆ ಇದು ನಡಿಗೆಗಿಂತಲೂ ಅಗತ್ಯ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕೋ, ಡೋಲಿಯಲ್ಲಿ ಹೋಗಬೇಕೋ ಎಂಬುದನ್ನು ತೀರ್ಮಾನಿಸುವುದು ತೊಡೆಯ ಸ್ನಾಯು ಮತ್ತು ಮೊಣಕಾಲು. ಮೊಣಕಾಲು ಸವೆತ ಇದ್ದ ಹಿರಿಯರ ಮೇಲಿನ ಅಧ್ಯಯನದಲ್ಲಿ ದೇಹದ ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ 4 ಕೆ.ಜಿ.ಯಷ್ಟು ಇಳಿಯುವುದು ಕಂಡುಬಂದಿದೆ. ನೋವು ಇರುವವರು ಮೆಟ್ಟಿಲಿನಿಂದ ಆರಂಭಿಸದೆ ಸಮತಟ್ಟು ನೆಲದಲ್ಲಿ ಆರಂಭಿಸಬೇಕು.

ಇಳಿದು ನಿಂತಾಗ

ಮೂರು ನಾಲ್ಕು ತಿಂಗಳ ನಂತರ ತೂಕ ಇಳಿಯುವುದು ನಿಲ್ಲುತ್ತದೆ. ಹಗುರವಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಹಸಿವೂ ಹೆಚ್ಚುತ್ತದೆ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಕೆಲವೇ ತಿಂಗಳಲ್ಲಿ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ ಬಹುತೇಕರ ತೂಕ ಮರಳಿ ಬಂದಿತ್ತು. ದೇಹ ವಿಶ್ರಾಂತಿಯಲ್ಲಿ ಸುಡುವ ಶಕ್ತಿ ಮಾತ್ರ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ತಿಂಗಳಿಗೆ ಒಂದು ಕೆ.ಜಿ.ಯ ನಿಧಾನ ಗತಿ ಬೇಸರ ತರಿಸಿದರೂ ಅದೇ ಲೇಸು. ತಕ್ಕಡಿ ಹತ್ತುವುದು ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಶೌಚದ ನಂತರ. ಊಟ ಬದಲಿಸಿಯೂ ತೂಕ ಏರುತ್ತಲೇ ಇದ್ದರೆ ಅಥವಾ ಯತ್ನವಿಲ್ಲದೆ ಇಳಿಯುತ್ತಿದ್ದರೆ ಥೈರಾಯ್ಡ್, ಮಧುಮೇಹ ಮುಂತಾದವನ್ನು ವೈದ್ಯರಲ್ಲಿ ತೋರಿಸಬೇಕು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಸ್ವಂತ ಲೆಕ್ಕದಲ್ಲಿ ಊಟ ಇಳಿಸಬಾರದು.

ಉಪವಾಸ, ಪಾರಣೆ ಮತ್ತು ಮಾತ್ರೆ

ದಶಲಕ್ಷಣ ಪರ್ವ ಅಥವಾ ಅಷ್ಟಾಹ್ನಿಕದಲ್ಲಿ ಉಪವಾಸ ಮಾಡಿದಾಗ ತೂಕ ಎರಡು ಮೂರು ಕೆ.ಜಿ. ಇಳಿದಂತೆ ಕಾಣುವುದು ಸಹಜ. ಮೊದಲ ದಿನಗಳಲ್ಲಿ ಹೋಗುವುದರಲ್ಲಿ ಹೆಚ್ಚಿನದು ನೀರು. ದೇಹದಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜೆನ್ ತನ್ನೊಡನೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ, ಪಾರಣೆಯ ಎರಡು ಮೂರು ದಿನದಲ್ಲಿ ವಾಪಸು ಬರುತ್ತದೆ. ಪಾರಣೆಗೆ ಮನೆಯವರು ಪ್ರೀತಿಯಿಂದ ಮಾಡುವ ಸಿಹಿ, ಕರಿದ ತಿಂಡಿಗಳು ಸೇರಿದರೆ ಮೊದಲಿಗಿಂತ ಅರ್ಧ ಕೆ.ಜಿ. ಮೇಲೆಯೇ ನಿಲ್ಲುವುದುಂಟು. ಹೆಸರುಬೇಳೆ ಕಟ್ಟು, ಗಂಜಿ, ಹಾಲಿನಿಂದ ಆರಂಭಿಸಿ ನಿಧಾನವಾಗಿ ಊಟಕ್ಕೆ ಬರುವ ಹಳೆಯ ಕ್ರಮ ಜೀರ್ಣಶಕ್ತಿಗೂ ಒಳ್ಳೆಯದು.

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರ ವಿಷಯ ಬೇರೆ. ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ನೀರನ್ನೂ ಬಿಟ್ಟ ದೀರ್ಘ ಉಪವಾಸದಲ್ಲಿ ನಿರ್ಜಲೀಕರಣ ತರಬಹುದು, ರಕ್ತವನ್ನು ಆಮ್ಲೀಯಗೊಳಿಸುವ ತೊಂದರೆಗೂ ಕಾರಣವಾಗಬಹುದು. ಊಟ ಇಳಿಸಿ ತೂಕ ಕಡಿಮೆಯಾದಂತೆ ಈ ಔಷಧಗಳ, ರಕ್ತದೊತ್ತಡದ ಮಾತ್ರೆಗಳ ಪ್ರಮಾಣವನ್ನೂ ವೈದ್ಯರು ಇಳಿಸಬೇಕಾಗಿ ಬರಬಹುದು. ತಾವಾಗಿಯೇ ನಿಲ್ಲಿಸುವುದು, ಉಪವಾಸದಲ್ಲೂ ಹಳೆಯ ಪ್ರಮಾಣವನ್ನೇ ನುಂಗುವುದು ಎರಡೂ ತಪ್ಪು. ವ್ರತ ಸ್ವೀಕರಿಸುವ ಎರಡು ವಾರ ಮೊದಲೇ ವೈದ್ಯರನ್ನು ಕಾಣಬೇಕು.

ಷೋಡಶಕಾರಣ ಭಾವನೆಗಳಲ್ಲೇ ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು ಎಂಬುದಿದೆ. ನಿರಾಹಾರ ಆಗದವರು ವೈದ್ಯರ ಒಪ್ಪಿಗೆಯಂತೆ ಮೂರು ಹೊತ್ತಿನ ಊಟ ಉಳಿಸಿಕೊಂಡು ಸಿಹಿಯನ್ನೋ ಕರಿದದ್ದನ್ನೋ ಬಿಡುವ, ತುತ್ತು ಎಣಿಸಿ ಉಣ್ಣುವ ನಿಯಮ ಕೇಳಿ ಪಡೆಯಬಹುದು. ಉಪವಾಸದ ನಡುವೆ ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು ಕಂಡರೆ ತಕ್ಷಣ ಸಕ್ಕರೆ ಪರೀಕ್ಷಿಸಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿಗೆ ಹಾಕಿ ಆಗಲೇ ಕುಡಿಸಬೇಕು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪರೀಕ್ಷೆಯ ಯಂತ್ರ ಇಲ್ಲದಿದ್ದರೆ, ಎಚ್ಚರವಿರುವವರಿಗೆ ಲಕ್ಷಣ ನೋಡಿಯೇ ಸಕ್ಕರೆ ನೀರು ಕೊಡಬೇಕು. ಇದಕ್ಕೆ ರಾತ್ರಿ ಹಗಲೆಂದು ಕಾಯುವಂತಿಲ್ಲ. ಒಂಟಿಯಾಗಿರುವ ಹಿರಿಯರು ವ್ರತದಲ್ಲಿದ್ದಾರೆ ಎಂಬುದು ಪಕ್ಕದ ಮನೆಯ ಒಬ್ಬರಿಗಾದರೂ ತಿಳಿದಿರಬೇಕು, ಬಾಗಿಲಿನ ಬೀಗದ ಕೈ ಒಂದು ಅವರ ಬಳಿಯೂ ಇರಬೇಕು.